ಬಸ್ಸು ಹಿಡಿದು ಕಡಲ ತಡಿಗೆ



ನಾನು ಅಧ್ಯಾಪಕನಾಗಿದ್ದ ಶಾಲೆ ನೇತ್ರಾವತಿ ನದಿಯ ದಡದಲ್ಲಿತ್ತು. ಒಂದು ವರ್ಷ ಪ್ರವಾಸದ ಪಟ್ಟಿ ಸಿದ್ಧವಾದಾಗ ಹತ್ತನೆಯ ತರಗತಿಯ ಹನ್ನೊಂದು ಮಕ್ಕಳ ಹೆಸರು ಅದರಲ್ಲಿರಲಿಲ್ಲ. ಕಾರಣ ಕೇಳಿದರೆ ತಲೆ ತಗ್ಗಿಸಿದರು. ಬಾಡಿಗೆ ಬಸ್ಸಿನ ಪಾಲಿನ ಹಣ ಅವರ ಮನೆಗಳಿಗೆ ಹೊರೆಯಾಗಿತ್ತು. ಮಾತಿನ ನಡುವೆ ಒಬ್ಬ ಹುಡುಗಿ, "ಸಾರ್, ನಾನು ಸಮುದ್ರವನ್ನೇ ನೋಡಿಲ್ಲ" ಎಂದಳು. ಅವಳ ಮನೆಯ ಅಂಗಳದಿಂದ ಹೊಳೆ ಕಾಣುತ್ತದೆ. ಆ ಹೊಳೆ ಹೋಗಿ ಸೇರುವ ಕಡಲು ಮಾತ್ರ ಅವಳ ಪಾಲಿಗೆ ಪಠ್ಯಪುಸ್ತಕದ ಚಿತ್ರವಾಗಿತ್ತು.

ಮುಂದಿನ ಭಾನುವಾರ ಆ ಹನ್ನೊಂದು ಮಕ್ಕಳನ್ನು ಕರೆದುಕೊಂಡು ದಿನವೂ ಓಡುವ ಲೈನ್ ಬಸ್ಸನ್ನೇ ಹತ್ತಿದೆ. ಬುತ್ತಿಯಲ್ಲಿ ಮನೆಯ ಅವಲಕ್ಕಿ, ಬಾಟಲಿಯಲ್ಲಿ ಬಾವಿಯ ನೀರು. ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಇಳಿದು, ಸಿಟಿ ಬಸ್ಸಿನಲ್ಲಿ ಸುಲ್ತಾನ್ ಬತ್ತೇರಿಗೆ ಹೋದೆವು. ಟಿಪ್ಪು ಸುಲ್ತಾನನ ಕಾಲದಲ್ಲಿ ಕಟ್ಟಿದ ಕಾವಲು ಬುರುಜು ಅಲ್ಲಿದೆ. ಅಲ್ಲಿಂದ ದೋಣಿಯಲ್ಲಿ ಫಲ್ಗುಣಿ ನದಿಯನ್ನು ದಾಟಿದರೆ ತಣ್ಣೀರುಬಾವಿ. ಒಂದು ಕಡೆ ಅರಣ್ಯ ಇಲಾಖೆಯ ವೃಕ್ಷೋದ್ಯಾನ, ಇನ್ನೊಂದು ಕಡೆ ಕಡಲು. ಆ ದಿನದ ಇಡೀ ಖರ್ಚು, ಪ್ರವಾಸಕ್ಕೆಂದು ಒಬ್ಬೊಬ್ಬರಿಂದ ಕೇಳಿದ್ದ ಹಣದ ಒಂದು ಸಣ್ಣ ಪಾಲೂ ಆಗಿರಲಿಲ್ಲ.

ಪ್ರವಾಸವೆಂದರೆ ಬಾಡಿಗೆ ವಾಹನ, ಹೋಟೆಲು, ದೊಡ್ಡ ಮೊತ್ತ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಉದ್ಯಾನಗಳೂ ಕಡಲ ತೀರಗಳೂ ಎಲ್ಲರ ಸೊತ್ತು. ಆದರೆ ಅಲ್ಲಿಗೆ ತಲುಪುವ ದಾರಿ ಎಲ್ಲರಿಗೂ ಎಟುಕಬೇಕಾದರೆ ಬಸ್ಸು ಬೇಕು. ಬಸ್ಸಿನಲ್ಲಿ ಹೋಗಿ ನೋಡುವುದು ಹೇಗೆ ಎಂಬುದನ್ನು ನಮ್ಮ ಕರಾವಳಿಯ ಉದಾಹರಣೆಯಿಂದಲೇ ಈ ಹೊತ್ತು ನಿಮಗೆ ತಿಳಿಸಬಯಸುತ್ತೇನೆ.

ಕರಾವಳಿಯ ಒಂದು ಅನುಕೂಲವೆಂದರೆ ಅದರ ದಾರಿ ಸರಳ. ರಾಷ್ಟ್ರೀಯ ಹೆದ್ದಾರಿ 66 ಮಂಗಳೂರಿನಿಂದ ಕಾರವಾರದವರೆಗೆ ಕಡಲಿಗೆ ಸಮೀಪವಾಗಿಯೇ ಸಾಗುತ್ತದೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಖಾಸಗಿ ಬಸ್ಸುಗಳು ಹೆಚ್ಚು. ಅವುಗಳ ಜೊತೆಗೆ ಸರ್ಕಾರಿ ಬಸ್ಸುಗಳೂ ಇವೆ. ಉತ್ತರ ಕನ್ನಡದಲ್ಲಿ ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಯ ಬಸ್ಸುಗಳೇ ಮುಖ್ಯ. ಎಕ್ಸ್‌ಪ್ರೆಸ್ ಬಸ್ಸು ದೊಡ್ಡ ಊರುಗಳಲ್ಲಿ ಮಾತ್ರ ನಿಲ್ಲುತ್ತದೆ. ಸಣ್ಣ ಊರಿನ ತೀರಕ್ಕೆ ಹೋಗಬೇಕಾದವರು ಎಲ್ಲ ಕಡೆ ನಿಲ್ಲುವ ಬಸ್ಸನ್ನೇ ಹಿಡಿಯಬೇಕು. ಈ ಒಂದು ವ್ಯತ್ಯಾಸ ತಿಳಿಯದೆ ಇಳಿಯುವ ಜಾಗ ದಾಟಿ ಮುಂದೆ ಹೋದವರು ಎಷ್ಟೋ ಮಂದಿ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಮಹಿಳೆಯರು, ವಿದ್ಯಾರ್ಥಿನಿಯರು ಸಹ, ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣ ಮಾಡಬಹುದು. ಗುರುತಿನ ಚೀಟಿ ಕೈಯಲ್ಲಿರಬೇಕು. ಖಾಸಗಿ ಬಸ್ಸಿಗೆ ಇದು ಅನ್ವಯಿಸದು. ಆದ್ದರಿಂದ ಹತ್ತುವ ಮುನ್ನ ಬಸ್ಸು ಯಾರದೆಂದು ನೋಡಿಕೊಳ್ಳಿರಿ.

ಇನ್ನು ನೋಡತಕ್ಕ ಸ್ಥಳಗಳು. ಮಂಗಳೂರಿನಿಂದ ಮೂಡುಬಿದಿರೆಯ ಕಡೆಗೆ ಹೋಗುವ ದಾರಿಯಲ್ಲಿ, ವಾಮಂಜೂರಿನ ಬಳಿ ಪಿಲಿಕುಳ ನಿಸರ್ಗಧಾಮವಿದೆ. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಕುಳ ಎಂದರೆ ಕೊಳ. ಡಾ. ಶಿವರಾಮ ಕಾರಂತರ ಹೆಸರಿನ ಜೈವಿಕ ಉದ್ಯಾನ, ಪಶ್ಚಿಮ ಘಟ್ಟದ ಮರಗಳ ಸಸ್ಯಕಾಶಿ, ವಿಜ್ಞಾನ ಕೇಂದ್ರ, ತಾರಾಲಯ, ಇವೆಲ್ಲ ಒಂದೇ ಆವರಣದಲ್ಲಿವೆ. ಎಲ್ಲವನ್ನೂ ಒಂದೇ ದಿನ ಮುಗಿಸುವ ಆತುರ ಬೇಡ. ಎರಡನ್ನು ಚೆನ್ನಾಗಿ ನೋಡಿ, ಉಳಿದದ್ದಕ್ಕೆ ಇನ್ನೊಮ್ಮೆ ಬನ್ನಿ. ವಾರದ ರಜಾದಿನ ಯಾವುದೆಂದು ಹೊರಡುವ ಮುನ್ನವೇ ವಿಚಾರಿಸಿಕೊಳ್ಳಿ.

ಮಂಗಳೂರಿನಿಂದ ಉಡುಪಿಯ ಕಡೆಗೆ ಹೊರಟರೆ ದಾರಿಯಲ್ಲಿ ಪಡುಬಿದ್ರಿ, ಅನಂತರ ಕಾಪು. ಪಡುಬಿದ್ರಿಯ ಕಡಲ ತೀರಕ್ಕೂ ಹೊನ್ನಾವರದ ಬಳಿಯ ಕಾಸರಕೋಡು ತೀರಕ್ಕೂ 2020ರಲ್ಲಿ 'ನೀಲಿ ಧ್ವಜ' ಮನ್ನಣೆ ದೊರೆಯಿತು. ನೀರಿನ ಶುದ್ಧಿ, ತೀರದ ಸ್ವಚ್ಛತೆ, ಸುರಕ್ಷತೆಗಳನ್ನು ಪರೀಕ್ಷಿಸಿ ಕೊಡುವ ಅಂತಾರಾಷ್ಟ್ರೀಯ ಮನ್ನಣೆ ಇದು. ಕಾಪುವಿನಲ್ಲಿ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ.

ಉಡುಪಿಯಿಂದ ಸಿಟಿ ಬಸ್ಸಿನಲ್ಲಿ ಕೆಲವೇ ನಿಮಿಷಗಳ ದಾರಿ ಮಲ್ಪೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿ ದ್ವೀಪಕ್ಕೆ ಹೋಗಬಹುದು. ಮಳೆಗಾಲದಲ್ಲಿ ಮಾತ್ರ ದೋಣಿ ಇಲ್ಲ. ಅಲ್ಲಿ ಕೈಯಿಂದ ಕಡೆದು ನಿಲ್ಲಿಸಿದಂತೆ ಕಾಣುವ ಕಲ್ಲಿನ ಕಂಬಗಳಿವೆ. ಬಹಳಷ್ಟಕ್ಕೆ ಐದೋ ಆರೋ ಮುಖ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗ ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ, ಉಕ್ಕಿಬಂದ ಲಾವಾರಸ ತಣ್ಣಗಾಗಿ ಕುಗ್ಗುವಾಗ ಹೀಗೆ ಬಿರುಕುಬಿಟ್ಟಿತು. ಬೇಸಗೆಯಲ್ಲಿ ಕೆರೆಯ ಕೆಸರು ಒಣಗಿ ಚೌಕ ಚೌಕವಾಗಿ ಸೀಳುವುದನ್ನು ನೋಡಿದ್ದೀರಲ್ಲವೇ? ತತ್ವ ಅದೇ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ಕುಂದಾಪುರ ದಾಟಿ ಮರವಂತೆಗೆ ಬಂದಾಗ, ಕಿಟಕಿಯ ಬಳಿ ಜಾಗ ಸಿಕ್ಕವರು ಅದೃಷ್ಟವಂತರು. ರಸ್ತೆಯ ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ ನದಿ. ಕಡಲಿಗೆ ಇಷ್ಟು ಹತ್ತಿರ ಬಂದ ನದಿ ಅಲ್ಲಿಯೇ ಸೇರದೆ ತಿರುಗಿ ದಕ್ಷಿಣಕ್ಕೆ ಹರಿದು, ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರವನ್ನು ಸೇರುತ್ತದೆ. ನಡುವೆ ಇರುವುದು ಮರಳಿನ ಒಂದು ಸಣ್ಣ ಪಟ್ಟಿ. ಕಡಲ್ಕೊರೆತವೆಂಬ ಮಾತಿನ ಅರ್ಥ ಅಲ್ಲಿ ಹಾಕಿರುವ ಬಂಡೆಗಳನ್ನು ಕಂಡಾಗ ತಿಳಿಯುತ್ತದೆ.

ಬಸ್ಸಿನಲ್ಲಿ ಕುಳಿತು ಮಾಡಬಹುದಾದ ಒಂದು ಪಾಠವನ್ನೂ ಹೇಳುತ್ತೇನೆ. ಸೇತುವೆಗಳನ್ನು ಎಣಿಸಿರಿ. ಕೂಳೂರಿನಲ್ಲಿ ಫಲ್ಗುಣಿ, ಮೂಲ್ಕಿಯಲ್ಲಿ ಶಾಂಭವಿ, ಕಲ್ಯಾಣಪುರದಲ್ಲಿ ಸ್ವರ್ಣಾ, ಮಾಬುಕಳದಲ್ಲಿ ಸೀತಾ, ಹೊನ್ನಾವರದಲ್ಲಿ ಶರಾವತಿ, ಮುಂದೆ ಅಘನಾಶಿನಿ, ಗಂಗಾವಳಿ, ಕಾರವಾರದಲ್ಲಿ ಕಾಳಿ. ಸೇತುವೆಗಳಾಗುವ ಮುನ್ನ ಬಸ್ಸು ಈಚೆ ದಡದಲ್ಲಿ ನಿಲ್ಲುತ್ತಿತ್ತು. ಪ್ರಯಾಣಿಕರು ಗಂಟುಮೂಟೆ ಹೊತ್ತು ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯಬೇಕಿತ್ತು. ಕಾರವಾರದ ತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರರು ಅಲ್ಲಿಗೆ ಬಂದು ಉಳಿದಿದ್ದರು.

ಈಗ ಎರಡು ಎಚ್ಚರಿಕೆಯ ಮಾತು. ಮೊದಲನೆಯದು ಕೊನೆಯ ಬಸ್ಸಿನದು. ಕಾಲೇಜಿನಲ್ಲಿದ್ದಾಗ ನಾನೂ ಗೆಳೆಯರೂ ಒಂದು ತೀರದಲ್ಲಿ ಸೂರ್ಯಾಸ್ತ ನೋಡುತ್ತ ಮೈಮರೆತೆವು. ಹಿಂದಿರುಗಿ ಬಂದಾಗ ಕೊನೆಯ ಬಸ್ಸು ಹೋಗಿತ್ತು. ಹೆದ್ದಾರಿಯವರೆಗೆ ಕತ್ತಲಲ್ಲಿ ಏಳು ಕಿಲೋಮೀಟರ್ ನಡೆದೆವು. ಮನೆಯಲ್ಲಿ ತಾಯಿ ಊಟ ಬಿಟ್ಟು ಕಾದಿದ್ದರು. ತಪ್ಪು ಯಾರದೂ ಅಲ್ಲ, ನಮ್ಮದೇ. ಇಳಿಯುವಾಗ ಕಂಡಕ್ಟರನ್ನು, "ಅಣ್ಣಾ, ವಾಪಸು ಕೊನೆಯ ಬಸ್ಸು ಎಷ್ಟು ಗಂಟೆಗೆ?" ಎಂದು ಕೇಳಿದ್ದರೆ ಸಾಕಿತ್ತು. ಕೊನೆಯದಕ್ಕಿಂತ ಹಿಂದಿನ ಬಸ್ಸಿಗೆ ಹೊರಡುವುದು ಇನ್ನೂ ಒಳ್ಳೆಯದು.

ಎರಡನೆಯದು ನೀರಿನದು. ಇದನ್ನು ದಯಮಾಡಿ ಮರೆಯಬೇಡಿರಿ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಪ್ರಾಣ ಕಳೆದುಕೊಂಡರು. ಅವರೂ ನಿಮ್ಮಂತೆಯೇ ನಗುತ್ತ ಮನೆಯಿಂದ ಹೊರಟವರು. ದಡಕ್ಕೆ ಬಂದ ತೆರೆಗಳ ನೀರು ಹಿಂದಕ್ಕೆ ಹೋಗುವಾಗ ಕೆಲವೆಡೆ ಕಿರಿದಾದ ಕಾಲುವೆಯಂತೆ ರಭಸದಿಂದ ಹರಿಯುತ್ತದೆ. ಅಲ್ಲಿ ತೆರೆ ಒಡೆಯುವುದು ಕಡಿಮೆ; ನೋಡುವವರಿಗೆ ಅದೇ ಶಾಂತವಾದ ಜಾಗವೆನಿಸುತ್ತದೆ. ಅದರಲ್ಲಿ ಸಿಕ್ಕವರು ನೇರವಾಗಿ ದಡಕ್ಕೆ ಬರಲು ಹೋರಾಡಿ ಸೋಲುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯುವುದು ಪಾರಾಗುವ ದಾರಿ. ಆದರೆ ಆ ಪರೀಕ್ಷೆಗೆ ಇಳಿಯದಿರುವುದೇ ಜಾಣತನ. ಜೀವರಕ್ಷಕರಿಲ್ಲದ ಕಡೆ, ಕೆಂಪು ಬಾವುಟವಿರುವ ಕಡೆ, ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲದಲ್ಲಿ, ನೀರಿಗೆ ಇಳಿಯಲೇಬಾರದು. ಗೆಳೆಯ ಮುಳುಗುತ್ತಿದ್ದರೆ ನೀವೂ ಹಾರಬೇಡಿ. ಕೂಗಿ ಕರೆಯಿರಿ, ಹಗ್ಗವೋ ತೇಲುವ ವಸ್ತುವೋ ಎಸೆಯಿರಿ.

ಆ ಭಾನುವಾರದ ಮಾತಿಗೆ ಮತ್ತೆ ಬರುತ್ತೇನೆ. ಕಡಲನ್ನು ಕಂಡ ಹುಡುಗಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮ ಹೊಳೆ ಎಲ್ಲಿ ಸೇರುತ್ತದೆ ಸಾರ್?" ಎಂದಳು. ದಕ್ಷಿಣಕ್ಕೆ ಕೈ ತೋರಿಸಿ, ನೇತ್ರಾವತಿಯೂ ಫಲ್ಗುಣಿಯೂ ಕೂಡಿ ಕಡಲಿಗೆ ಬೀಳುವ ಅಳಿವೆ ಅಲ್ಲಿದೆ ಎಂದೆ. ಅವಳು ಪಾದ ಮುಳುಗುವಷ್ಟು ನೀರಿಗಿಳಿದು, ಬೊಗಸೆಯಲ್ಲಿ ನೀರು ತೆಗೆದು ನಾಲಗೆಗೆ ಮುಟ್ಟಿಸಿ ಮುಖ ಕಿವುಚಿದಳು. ಎಲ್ಲರೂ ನಕ್ಕರು. ಮರುವರ್ಷ ಅವಳು ತನ್ನ ತಾಯಿಯನ್ನೂ ತಮ್ಮಂದಿರನ್ನೂ ಅದೇ ಬಸ್ಸುಗಳಲ್ಲಿ ತಾನೇ ಮುಂದಾಗಿ ಕರೆದುಕೊಂಡು ಹೋದಳಂತೆ. ತಾಯಿಯೂ ಅದುವರೆಗೆ ಕಡಲು ಕಂಡಿರಲಿಲ್ಲ.

ನಿಮ್ಮ ಊರಿನ ನಿಲ್ದಾಣದಿಂದಲೂ ಯಾವುದೋ ಉದ್ಯಾನಕ್ಕೆ, ಕೆರೆಗೆ, ಬೆಟ್ಟಕ್ಕೆ, ತೀರಕ್ಕೆ ಒಂದು ಬಸ್ಸು ಹೊರಡುತ್ತಿರಬಹುದು. ವೇಳೆ ಕೇಳಿ ಬರೆದಿಟ್ಟುಕೊಳ್ಳಿ, ಹಿರಿಯರಿಗೆ ತಿಳಿಸಿ, ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತನ್ನಿರಿ. ನಿಮ್ಮ ಪ್ರಯಾಣ ಸುಖಕರವಾಗಲಿ.