ಕೀಲಿ ಯಾರ ಕೈಯಲ್ಲಿರಬೇಕು?



"ಆ ಇನ್ಫೋಸಿಸ್ ಕಾಂಪೌಂಡಿನೊಳಗೆ ಅಷ್ಟು ಜನ ದಿನವಿಡೀ ಏನಪ್ಪಾ ಮಾಡ್ತಾರೆ?" ಎಂದು ನಮ್ಮ ಬೀದಿಯ ಹಿರಿಯರೊಬ್ಬರು ಕೇಳಿದ್ದರು. ನಾನು ಅಲ್ಲಿ ಕೆಲಸ ಮಾಡುವವನಲ್ಲ, ಆದರೆ ಕಸುಬು ಅದೇ. ನನ್ನ ಪಾಲಿನ ಕೆಲಸದ ಒಂದು ತುಣುಕನ್ನು ಹೇಳುತ್ತೇನೆ.

ನಾವು ಬರೆದ ಸಾಫ್ಟ್‌ವೇರನ್ನು ಬಿಲ್ಡ್ ಸರ್ವರ್ ಎಂಬ ಕಂಪ್ಯೂಟರ್ ತಾನಾಗಿಯೇ ಜೋಡಿಸಿ, ಪರೀಕ್ಷಿಸಿ, ದೂರದ ಊರುಗಳ ಯಂತ್ರಗಳಿಗೆ ತಲುಪಿಸುತ್ತದೆ. ಇದಕ್ಕೆ ಪೈಪ್‌ಲೈನ್ ಎನ್ನುತ್ತೇವೆ. ಆ ಯಂತ್ರಗಳ ಬಾಗಿಲು ತೆರೆಯಲು ಅದಕ್ಕೊಂದು ಕೀಲಿ ಬೇಕಲ್ಲ, ತೊಂದರೆ ಶುರುವಾಗುವುದು ಅಲ್ಲೇ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಆ ಗುಪ್ತ ಕೀಲಿಯನ್ನು ನಾನು ಪೈಪ್‌ಲೈನಿನ ಕೋಡಿನಲ್ಲೇ ಬರೆದಿಟ್ಟೆ, ಸುಲಭ ಅಂತ. ಒಂದೇ ಕೀಲಿ, 40 ಯಂತ್ರ, ಎಲ್ಲದರಲ್ಲೂ ಪೂರ್ಣ ಅಧಿಕಾರ. 11 ತಿಂಗಳ ನಂತರ ಸಹೋದ್ಯೋಗಿಯೊಬ್ಬರ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಅದರ ಪ್ರತಿಗಳು ಕೆಲಸ ಬಿಟ್ಟು ಹೋದವರ ಬಳಿಯೂ ಇದ್ದವು. ಆ ಸಾಲು ಅಳಿಸಿದರೆ ಸಾಲದು, ಗಿಟ್ ಹಳೆಯದನ್ನೆಲ್ಲ ನೆನಪಿಟ್ಟುಕೊಂಡಿರುತ್ತದೆ. ಎರಡು ರಾತ್ರಿ ಕೂತು ಎಲ್ಲ ಬೀಗ ಬದಲಿಸಿದೆವು. ನಡುವೆ ಯಾರಾದರೂ ಒಳಗೆ ಬಂದು ಹೋಗಿದ್ದರೇ? ದಾಖಲೆ ಇಟ್ಟಿದ್ದು ಒಂದು ತಿಂಗಳದ್ದು ಮಾತ್ರ. ಇವತ್ತಿಗೂ ಉತ್ತರವಿಲ್ಲ.

ಆಗ ಅಪ್ಪ ನೆನಪಾದರು. ಇಲ್ಲೇ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯಲ್ಲಿ ಅವರು ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಕೀ ಇರುತ್ತಿದ್ದುದು ಗೇಟಿನಲ್ಲಿ. ಗುರುತಿನ ಚೀಟಿ ತೋರಿಸಿ, ಪುಸ್ತಕಕ್ಕೆ ಸಹಿ ಹಾಕಿ ತೆಗೆದುಕೊಳ್ಳಬೇಕು, ಶಿಫ್ಟ್ ಮುಗಿದರೆ ವಾಪಸ್. "ಕೀ ಮನೆಗೆ ತಂದ್ರೆ ಕೆಲ್ಸ ಹೋಯ್ತು ಅಂತ್ಲೇ" ಎನ್ನುತ್ತಿದ್ದರು. ಬಿಇ ಓದಿದ ಮಗನಿಗೆ ಇದು ಹೊಳೆದಿರಲಿಲ್ಲ! ಈಗ ನಮ್ಮ ಪೈಪ್‌ಲೈನ್ ಪ್ರತಿ ಸಲವೂ ತಾನು ಯಾರೆಂದು ರುಜುವಾತು ಕೊಟ್ಟು ಕೀಲಿ ಪಡೆಯುತ್ತದೆ. ಕೆಲವೇ ನಿಮಿಷಗಳಲ್ಲಿ ಅದು ತಾನಾಗಿ ಸಾಯುತ್ತದೆ. ಅದರಿಂದ ಸಾಫ್ಟ್‌ವೇರ್ ಅಳವಡಿಸಬಹುದು, ಬೇರೇನೂ ಮಾಡಲಾಗದು.

ಬಾಗಿಲಿನ ಆಚೆ ಇರುವುದು ನಮ್ಮದೇ ಯಂತ್ರವೇ ಎಂಬುದನ್ನೂ ನೋಡಬೇಕು. ಫಿನ್ಲೆಂಡಿನ ತಾತು ಯ್ಲೋನೆನ್ 1995ರಲ್ಲಿ ಬರೆದ ಎಸ್‌ಎಸ್‌ಎಚ್ ಎಂಬ ಸಾಧನವನ್ನೇ ನಾವು ಬಳಸುತ್ತೇವೆ. ಮೊದಲ ಭೇಟಿಯಲ್ಲಿ ಅದು ಆಚೆಯ ಯಂತ್ರದ ಬೆರಳಚ್ಚು ತೋರಿಸಿ "ಇದು ಸರಿಯೇ?" ಎಂದು ಕೇಳುತ್ತದೆ. ರಾತ್ರಿ ತಾನೇ ನಡೆಯುವ ಕೆಲಸದಲ್ಲಿ ಉತ್ತರಿಸುವವರಿಲ್ಲ ಎಂದು ಬಹಳ ಮಂದಿ ಆ ಪ್ರಶ್ನೆಯನ್ನೇ ಬಂದ್ ಮಾಡುತ್ತಾರೆ. ನನ್ನ ಪ್ರಕಾರ ಇದು ಶುದ್ಧ ಸೋಮಾರಿತನ. ಬೆರಳಚ್ಚನ್ನು ಮೊದಲೇ ದಾಖಲಿಸಿಟ್ಟರೆ ಆಯಿತು.

ಇನ್ನು ಸರಕು. ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯ ಕಟ್ಟು ಸೀಲ್ ಆಗಿ ಬರುವಂತೆ ಸಾಫ್ಟ್‌ವೇರಿಗೂ ಡಿಜಿಟಲ್ ಸಹಿ ಇರುತ್ತದೆ. ಸೀಲ್ ಒಡೆದಿದ್ದರೆ ಯಂತ್ರ ಅದನ್ನು ಮುಟ್ಟುವುದಿಲ್ಲ. ಆದರೆ ಸೀಲ್ ಹಾಕುವ ಮೊದಲೇ ಪ್ರಶ್ನೆಪತ್ರಿಕೆ ಬದಲಾಗಿದ್ದರೆ? 2020ರಲ್ಲಿ ಬಯಲಾದದ್ದು ಅದೇ. ಅಮೆರಿಕದ ಸೋಲಾರ್‌ವಿಂಡ್ಸ್ ಕಂಪನಿಯ ಬಿಲ್ಡ್ ವ್ಯವಸ್ಥೆಗೇ ಕಳ್ಳರು ನುಸುಳಿ ತಮ್ಮ ಕೋಡ್ ಸೇರಿಸಿದ್ದರು. ಅಸಲಿ ಸಹಿ ಇದ್ದ ಆ ಅಪ್‌ಡೇಟ್ ಸುಮಾರು 18,000 ಗ್ರಾಹಕರನ್ನು ತಲುಪಿತ್ತು. ಹಾಗಾಗಿ ಬಿಲ್ಡ್ ಸರ್ವರಿಗೂ ಕಾವಲು ಬೇಕು.

ಗಣಿತದ ಮೇಷ್ಟ್ರು ಮುಂದೆಯೇ ಕೂತಿದ್ದಾರೆ. ಸರ್, ನೀವು ಕಲಿಸಿದ ಅವಿಭಾಜ್ಯ ಸಂಖ್ಯೆಗಳಿಂದಲೇ ಇಂಥ ಕೀಲಿಗಳನ್ನು ಮಾಡಬಹುದು. ತಿಂಗಳಿಗೊಂದು ಶನಿವಾರ ಬಂದು ಒಂಬತ್ತನೇ ತರಗತಿಯ ಮಕ್ಕಳಿಗೆ ಅದನ್ನು ತೋರಿಸುತ್ತೇನೆ ಎಂದು ಹೆಡ್‌ಮಾಸ್ಟರಿಗೆ ಹೇಳಿದ್ದೇನೆ. ಎರಡು ಹಳೆಯ ಕಂಪ್ಯೂಟರ್ ಸಾಕು, ಅವನ್ನು ನಾನೇ ತರುತ್ತೇನೆ.