ಟರ್ಬೊ ಕಾರಿಗೆ ಹೊಸ ಗಾಳಿಕೊಳವೆ

(ಕೀಲ್ಪಾಕಿನಲ್ಲಿ ಭಾನುವಾರ ಸಂಜೆ ಸೇರಿದ್ದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ಬೋನಸ್ಸು, ರಜೆಗಳ ಮಾತು ನಡೆಯಬೇಕಾದ ಈ ಸಭೆಯಲ್ಲಿ ಕಾರಿನ ಗಾಳಿಕೊಳವೆಯ ಮಾತೇಕೆ ಎಂದು ನೀವು ಕೇಳಬಹುದು. ಕಾರಣವಿದೆ. 1962ರಲ್ಲಿ ಕತೀಡ್ರಲ್ ರಸ್ತೆಯಲ್ಲಿ ಉಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲು ತೆರೆದಾಗ ನಮ್ಮ ಊರಿನ ಮಾಣಿಗಳು ಕಾರಿನೊಳಗೆ ಕುಳಿತವರಿಗೆ ದೋಸೆ, ಕಾಫಿ ಒಯ್ದು ಕೊಟ್ಟರು. 2008ರಲ್ಲಿ ಆ ಹೋಟೆಲು ಮುಚ್ಚಿತು. ಆ ದಿನಗಳಲ್ಲಿ ಕಾರು ಗಿರಾಕಿಯದು, ತಟ್ಟೆ ನಮ್ಮದು. ಇಂದು ನಮ್ಮ ಹುಡುಗರಲ್ಲಿ ಹಲವರು ತಟ್ಟೆ ಬಿಟ್ಟು ಸ್ಟಿಯರಿಂಗ್ ಹಿಡಿದಿದ್ದಾರೆ. ಕೆಲವರದು ಕಾಲ್ ಟ್ಯಾಕ್ಸಿ, ಕೆಲವರದು ಹೋಟೆಲಿನ ಊಟ ಸಾಗಿಸುವ ವ್ಯಾನು. ಟ್ಯಾಕ್ಸಿಯವರಿಗೆ ಕಾರೂ ನಮ್ಮದು, ಸಾಲವೂ ನಮ್ಮದು.

ಈ ಡೀಸೆಲ್ ಗಾಡಿಗಳಲ್ಲಿ ಹೆಚ್ಚಿನವು ಟರ್ಬೊ ಗಾಡಿಗಳು. ಕೀಲ್ಪಾಕಿನಿಂದ ಪುದುಪ್ಪೇಟೆಯೂ ಜನರಲ್ ಪ್ಯಾಟರ್ಸ್ ರಸ್ತೆಯೂ ದೂರವಲ್ಲ. ಬಿಡಿಭಾಗದ ಅಂಗಡಿಗಳಲ್ಲಿ ಥಳಥಳಿಸುವ ಕೊಳವೆಗಳನ್ನೂ ಕೆಂಪು ಫಿಲ್ಟರುಗಳನ್ನೂ ನೋಡಿ ನಮ್ಮ ತಮ್ಮಂದಿರಿಗೆ ಆಸೆ ಹುಟ್ಟುತ್ತದೆ. ಎಳೆತ ಹೆಚ್ಚುತ್ತದೆ, ಮೈಲೇಜೂ ಹೆಚ್ಚುತ್ತದೆ ಎಂದು ಸ್ನೇಹಿತರು ಹುರಿದುಂಬಿಸುತ್ತಾರೆ. ಹಲವು ಸಾವಿರ ರೂಪಾಯಿ ಕೈಬಿಡುವ ಮೊದಲು ಆ ಯಂತ್ರ ಹೇಗೆ ಉಸಿರಾಡುತ್ತದೆ ಎಂಬುದನ್ನು ನಾವು ತಿಳಿಯಬೇಕು.

ಅಡಿಗೆಮನೆಯಲ್ಲಿ ದುಡಿದವರಿಗೆ ಇದು ಕಷ್ಟದ ವಿಷಯವಲ್ಲ. ಒಲೆಗೆ ಗಾಳಿ ಸಾಲದಿದ್ದರೆ ಹೊಗೆ ಏಳುತ್ತದೆ, ಪಾತ್ರೆಯ ತಳ ಮಸಿಯಾಗುತ್ತದೆ. ಊದುಗೊಳವೆ ಹಿಡಿದು ಊದಿದರೆ ಉರಿ ಮೇಲೇಳುತ್ತದೆ. ಎಂಜಿನ್ನೂ ಹಾಗೆಯೇ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಬೇಕಾದರೆ ಕಡಮೆಯೆಂದರೂ ಸುಮಾರು 10,000 ಲೀಟರ್ ಗಾಳಿ ಬೇಕು. ಆ ಗಾಳಿಯನ್ನು ಒತ್ತಿ ಒಳಗೆ ತುಂಬುವ ಊದುಗೊಳವೆಯೇ ಟರ್ಬೊ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಎಂಬವರು 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಹೊರಗೆ ಹೋಗುವ ಹೊಗೆಯ ರಭಸವೇ ಒಂದು ಚಕ್ರವನ್ನು ತಿರುಗಿಸುತ್ತದೆ; ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಎಳೆದು ಒತ್ತುತ್ತದೆ. ಈ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗುತ್ತವೆ. ಅಷ್ಟು ವೇಗದಲ್ಲಿ ತಿರುಗುವ ರೆಕ್ಕೆಗೆ ಮರಳಿನ ಒಂದು ಕಣ ತಾಗಿದರೂ ಅದು ಸಣ್ಣ ಪೆಟ್ಟಲ್ಲ.

ಆದುದರಿಂದ ಗಾಳಿಯ ದಾರಿಯಲ್ಲಿ ಫಿಲ್ಟರ್ ಇದೆ. ನಮ್ಮ ಕಾಫಿ ಫಿಲ್ಟರನ್ನೇ ನೆನೆಯಿರಿ. ತೂತು ದೊಡ್ಡದಾದರೆ ಡಿಕಾಕ್ಷನ್ ಬೇಗ ಇಳಿಯುತ್ತದೆ, ಆದರೆ ಲೋಟದಲ್ಲಿ ಚರಟವೂ ಇರುತ್ತದೆ. ಗಾಳಿ ಸಲೀಸಾಗಿ ಹರಿಯುತ್ತದೆ ಎಂದು ಹೊಗಳಿ ಮಾರುವ ಫಿಲ್ಟರು ದೂಳನ್ನು ಎಷ್ಟು ತಡೆಯುತ್ತದೆ ಎಂದು ಮೊದಲು ಕೇಳಬೇಕು. 1996ರಲ್ಲಿ ಮುಚ್ಚಿದ ಪೆರಂಬೂರಿನ ಬಿ ಅಂಡ್ ಸಿ ಮಿಲ್ಲಿನಂಥ ಕಡೆ ದುಡಿದ ಹಿರಿಯರಿಗೆ ಹತ್ತಿಯ ದೂಳು ಎದೆಗೂಡಿನಲ್ಲಿ ಏನು ಮಾಡುತ್ತದೆ ಎಂದು ನಾವು ಹೇಳಿಕೊಡಬೇಕಾಗಿಲ್ಲ. ಎಂಜಿನ್ನಿಗೂ ಎದೆಗೂಡುಂಟು.

ಎಳೆತ ಹೆಚ್ಚುವುದೆ? ಟರ್ಬೊ ಎಷ್ಟು ಒತ್ತಡ ಕೊಡಬೇಕೆಂಬುದನ್ನು ಇಂದಿನ ಗಾಡಿಗಳಲ್ಲಿ ಕಂಪ್ಯೂಟರ್ ನಿರ್ಧರಿಸುತ್ತದೆ. ಗಾಳಿ ಸುಲಭವಾಗಿ ಬಂದರೆ ಟರ್ಬೊ ಸ್ವಲ್ಪ ಕಡಮೆ ದುಡಿದು ಅದೇ ಒತ್ತಡ ಕೊಡುತ್ತದೆ. ಬೇರೇನನ್ನೂ ಬದಲಿಸದೆ ಕೊಳವೆಯೊಂದನ್ನೇ ಬದಲಿಸಿದರೆ ಸಿಗುವ ಲಾಭ ಬಹಳ ಅಲ್ಪ. ಸುಂಯ್ ಎಂಬ ಸದ್ದು ಮಾತ್ರ ಖಂಡಿತ ಹೆಚ್ಚುತ್ತದೆ. ಸದ್ದು ಕೇಳಿ ಶಕ್ತಿ ಬಂತೆಂದು ಮನಸ್ಸು ನಂಬುತ್ತದೆ.

ನಷ್ಟವೂ ಆಗಬಹುದು. ಪೆಟ್ಟಿಗೆ ಕಿತ್ತು ಬಾನೆಟ್ಟಿನ ಕೆಳಗೆ ಬಯಲು ಫಿಲ್ಟರ್ ಕೂರಿಸಿದರೆ ಅದು ಎಂಜಿನ್ನಿನ ಬಿಸಿಗಾಳಿಯನ್ನೇ ಎಳೆಯುತ್ತದೆ. ಗಾಳಿಯ ಶಾಖ 10 ಡಿಗ್ರಿ ಏರಿದರೆ ಅದರ ಸಾಂದ್ರತೆ ಸುಮಾರು ನೂರಕ್ಕೆ 3ರಷ್ಟು ಇಳಿಯುತ್ತದೆ. ಚೆನ್ನೈಯ ಮೇ ತಿಂಗಳಲ್ಲಿ, ಪೂನಮಲ್ಲಿ ಹೈರೋಡಿನ ಸಿಗ್ನಲಿನಲ್ಲಿ ನಿಂತ ಗಾಡಿಯ ಬಾನೆಟ್ಟಿನೊಳಗೆ ತಂಪು ಗಾಳಿ ಎಲ್ಲಿಂದ ಬರಬೇಕು? ಎಣ್ಣೆ ಸವರಿದ ಹತ್ತಿಯ ಫಿಲ್ಟರಿನಲ್ಲಿ ಎಣ್ಣೆ ಹೆಚ್ಚಾದರೆ ಅದು ಹಾರಿ ಗಾಳಿ ಅಳೆಯುವ ಸೆನ್ಸರಿನ ತಂತಿಗೆ ಅಂಟುತ್ತದೆ. ಆಗ ಲೆಕ್ಕವೇ ತಪ್ಪುತ್ತದೆ.

ಇನ್ನು ಮಳೆ. ತಂಪು ಗಾಳಿ ಬರಲೆಂದು ಕೊಳವೆಯ ಬಾಯನ್ನು ಬಂಪರಿನ ಬಳಿ ಕೆಳಕ್ಕೆ ಇಡುವವರಿದ್ದಾರೆ. 2015ರ ಡಿಸೆಂಬರಿನ ನೆರೆಯನ್ನೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತವನ್ನೂ ಕಂಡ ಊರಿದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿಗೆ ನೀರು ನುಗ್ಗಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಹೋಗುತ್ತದೆ. ನೀರಿನಲ್ಲಿ ಗಾಡಿ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬಾರದು; ತಳ್ಳಿಸಿಕೊಂಡು ಹೋಗಬೇಕು. ಹೀಗೆ ಕೆಟ್ಟ ಎಂಜಿನ್ನಿಗೆ ಸಾಮಾನ್ಯ ವಿಮೆಯಲ್ಲಿ ಅನೇಕ ವೇಳೆ ಹಣ ಬರುವುದಿಲ್ಲ. ಅದಕ್ಕೆ ಬೇರೆಯೇ ಕಂತು ಕಟ್ಟಿರಬೇಕು.

ನಮ್ಮ ಸದಸ್ಯರೊಬ್ಬರ ಮೇಲೆ ಬಂದುದು ಇದೇ ಕಷ್ಟ. ಅವರು ಓಡಿಸುತ್ತಿದ್ದ ಊಟದ ವ್ಯಾನಿಗೆ ಧಣಿಗಳ ಮಗ ಇಂತಹ ಕೊಳವೆಯೊಂದನ್ನು ಹಾಕಿಸಿದ. ಮಳೆಗಾಲದಲ್ಲಿ ನೀರು ನುಗ್ಗಿ ಎಂಜಿನ್ ನಿಂತಿತು. ರಿಪೇರಿಯ ಹಣವನ್ನು ತಿಂಗಳು ತಿಂಗಳು ಸಂಬಳದಿಂದ ಮುರಿಯುತ್ತೇವೆ ಎಂದರು. ಎಂಟು ಜನರ ಸಂಸಾರ ಆ ಸಂಬಳದ ಮೇಲಿದೆ. ನಾವು ಹೋಗಿ ಎರಡೇ ಪ್ರಶ್ನೆ ಕೇಳಿದೆವು: ಕೊಳವೆ ಹಾಕಿಸಿದ ಬಿಲ್ಲು ಯಾರ ಹೆಸರಿನಲ್ಲಿದೆ? ಚಾಲಕನ ವಿವರಣೆಯನ್ನು ಯಾರು ಕೇಳಿದರು? ಸಾಮಾನು ಹಾಳಾದುದಕ್ಕೆ ಕೂಲಿ ಮುರಿಯಬೇಕಾದರೆ ಅದು ಕೆಲಸಗಾರನ ಅಲಕ್ಷ್ಯದಿಂದಲೇ ಆಗಿರಬೇಕು, ಅವನಿಗೆ ವಿವರಣೆ ಕೊಡಲು ಅವಕಾಶವಿರಬೇಕು. 1936ರ ವೇತನ ಪಾವತಿ ಕಾಯಿದೆ ಇದನ್ನೇ ಹೇಳಿತ್ತು, 2019ರ ವೇತನ ಸಂಹಿತೆಯೂ ಇದನ್ನೇ ಹೇಳುತ್ತದೆ. ಸಂಬಳ ಮುರಿಯುವುದು ನಿಂತಿತು. ಆದುದರಿಂದ ವ್ಯಾನು ಓಡಿಸುವ ಸೋದರರೆ, ಧಣಿಯ ಗಾಡಿಗೆ ಏನೇ ಹೊಸತು ಹಾಕಿದರೂ ಯಾರು ಹಾಕಿಸಿದರು, ಯಾವ ದಿನ, ಎಂದು ಬರೆದಿಟ್ಟುಕೊಳ್ಳಿರಿ.

ಕಾನೂನಿನ ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ನು ತಯಾರಕರು ಕೊಟ್ಟ ವಿವರಕ್ಕೆ ಹೊರತಾಗಿ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಶಬ್ದ, ಹೊಗೆ ಮಿತಿ ಮೀರಿದರೆ ದಂಡವುಂಟು. ಹಳೆಯ ಪೆಟ್ಟಿಗೆಯೊಳಗೆ ಹೊಸ ಫಿಲ್ಟರ್ ಹಾಕುವುದು ದಿನನಿತ್ಯದ ಆರೈಕೆ. ಪೆಟ್ಟಿಗೆಯನ್ನೇ ಕಿತ್ತು ಬೇರೆ ಕೊಳವೆ ಹಾಕಿಸಿದಾಗ ತಪಾಸಣೆಯವರ ಪ್ರಶ್ನೆಗೂ ಕಂಪನಿಯ ವಾರಂಟಿಯ ತಕರಾರಿಗೂ ಉತ್ತರ ಕೊಡಬೇಕಾದವನು ಗಾಡಿಯವನೇ.

ಹಾಗಾದರೆ ಮಾಡಬೇಕಾದುದೇನು? ಎಳೆತ ಕುಗ್ಗಿದೆ, ಕಪ್ಪು ಹೊಗೆ ಬರುತ್ತಿದೆ ಎಂದಾದರೆ ಮೊದಲು ಹಳೆಯ ಫಿಲ್ಟರನ್ನು ತೆಗೆದು ನೋಡಿರಿ. ಕೊಳೆಯಾಗಿದ್ದರೆ ಕೆಲವು ನೂರು ರೂಪಾಯಿಗೆ ಕಾಗದದ ಹೊಸ ಫಿಲ್ಟರ್ ಬರುತ್ತದೆ. ಆಮೇಲೆ ರಬ್ಬರ್ ಕೊಳವೆಗಳನ್ನು ಸವರಿ ನೋಡಿರಿ. ಟರ್ಬೊದಿಂದ ಎಂಜಿನ್ನಿಗೆ ಹೋಗುವ ಕೊಳವೆ ಬಿರಿದಿದ್ದರೆ ಒತ್ತಿದ ಗಾಳಿ ಸೋರಿ ಎಳೆತ ಹೋಗುತ್ತದೆ. ಫಿಲ್ಟರಿನಿಂದ ಟರ್ಬೊಗೆ ಬರುವ ಕೊಳವೆ ಬಿರಿದಿದ್ದರೆ ಸೋಸದ ದೂಳು ಒಳಗೆ ಹೋಗುತ್ತದೆ. ಬಹಳ ವೇಳೆ ಕಾಯಿಲೆ ಇಲ್ಲಿಯೇ ಇರುತ್ತದೆ.

ಆದರೂ ಹಾಕಿಸಲೇಬೇಕು ಎನ್ನುವವರು ಪಕ್ಕದಲ್ಲಿ ನಿಂತು ಕೆಲಸ ನೋಡಿರಿ. ಎಂಜಿನ್ ಆರಿರಬೇಕು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಬೇಕು. ಹಳೆಯ ಕೊಳವೆ ತೆಗೆದ ಕೂಡಲೆ ಟರ್ಬೊದ ಬಾಯಿಗೆ ನಾರು ಬಿಡದ ಶುದ್ಧ ಬಟ್ಟೆ ಕಟ್ಟಬೇಕು. ಒಂದು ನಟ್ಟು ಒಳಗೆ ಬಿದ್ದರೆ ಟರ್ಬೊ ಮುಗಿಯಿತು. ಜೋಡಿಸುವಾಗ ಆ ಬಟ್ಟೆಯನ್ನು ತೆಗೆಯಲು ಮರೆಯಬಾರದು. ಸೆನ್ಸರಿನ ತಂತಿಯನ್ನು ಬೆರಳಿನಿಂದ ಮುಟ್ಟಬಾರದು. ಅದರ ಬಾಣದ ಗುರುತು ಗಾಳಿ ಹೋಗುವ ದಿಕ್ಕಿಗೇ ಇರಬೇಕು, ಅದು ಕೂರುವ ಕಡೆ ಹೊಸ ಕೊಳವೆಯ ಅಗಲ ಹಳೆಯದರಷ್ಟೇ ಇರಬೇಕು. ಎಂಜಿನ್ನಿನ ಉಸಿರುಕೊಳವೆಯನ್ನು ಮರಳಿ ಜೋಡಿಸಬೇಕು. ಕ್ಲಾಂಪುಗಳು ಬಿಗಿಯಾಗಿರಬೇಕು, ಕೊಳವೆ ಎಲ್ಲಿಯೂ ಉಜ್ಜಬಾರದು. ಬಿಸಿ ತಡೆಯುವ ತಗಡು ಇರಬೇಕು. ಸ್ಟಾರ್ಟ್ ಮಾಡಿ ಸೋರುವ ಸದ್ದಿದೆಯೆ ಎಂದು ಕೇಳಿ, ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಕ್ಲಾಂಪುಗಳನ್ನು ಮತ್ತೆ ಬಿಗಿಸಬೇಕು. ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕದೆ ಮನೆಯಲ್ಲಿಡಿರಿ.

ಎಂಜಿನ್ನು ಬೇಡುವುದು ಮೂರು: ಶುದ್ಧ ಗಾಳಿ, ತಂಪು ಗಾಳಿ, ಒಣ ಗಾಳಿ. ತಯಾರಕರು ಕೂರಿಸಿದ ಕಪ್ಪು ಪೆಟ್ಟಿಗೆ ನೋಡಲು ಚೆನ್ನಾಗಿಲ್ಲದಿರಬಹುದು, ಆದರೆ ಈ ಮೂರನ್ನೂ ಅದು ಕೊಡುತ್ತದೆ. ಸಾಲದ ಕಂತು ತೀರುವವರೆಗಾದರೂ ಅದನ್ನು ಅದರ ಜಾಗದಲ್ಲೇ ಬಿಡಿರಿ.