ಅಗಲಿದವರ ಹಕ್ಕು



ಪ್ರವಾದಿಯವರ(ಸ) ಮಸೀದಿಯನ್ನು ಗುಡಿಸುತ್ತಿದ್ದ ಮಹಿಳೆಯೊಬ್ಬರು ತೀರಿಕೊಂಡರು. ಸಹಾಬಿಗಳು ಅದನ್ನು ದೊಡ್ಡ ವಿಷಯವೆಂದು ಭಾವಿಸದೆ ತಿಳಿಸಲಿಲ್ಲ. ಪ್ರವಾದಿಯವರು(ಸ) ತಾವೇ ವಿಚಾರಿಸಿ, ಆಕೆಯ ಕಬರಿನ ಬಳಿ ಹೋಗಿ ನಮಾಝ್ ನಿರ್ವಹಿಸಿದರು.

ಹಿರಿಯೂರಿನಲ್ಲಿ ನಾವು ಈಚೆಗೆ ದಫನ ಮಾಡಿದವರಲ್ಲಿ ಹಮಾಲಿ ಮಾಡಿ ಬದುಕಿದವರಿದ್ದರು, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರಿದ್ದರು. 1933ರ ಬಳಿಕ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನೀರು ನೋಡಿ ಕಣ್ಣೊರೆಸಿಕೊಂಡ ಹಿರಿಯರೂ ಇದ್ದರು. ಅವರನ್ನು ಹೊಗಳುವುದು ಸುಲಭ. ಅವರ ಸಾಲ ತೀರಿತೇ? ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತೇ? ಒಮ್ಮೆ ಮಯ್ಯಿತಿನ ಮೇಲೆ ಸಾಲವಿದೆಯೆಂದು ತಿಳಿದು ಪ್ರವಾದಿಯವರು(ಸ) ಜನಾಝಾ ನಮಾಝ್‌ಗೆ ನಿಲ್ಲಲಿಲ್ಲ. ಅಬೂ ಖತಾದ(ರ) ಆ ಸಾಲ ಹೊತ್ತ ಮೇಲೆಯೇ ನಿಂತರು. ನಲವತ್ತರ ಊಟಕ್ಕೆ ಶಾಮಿಯಾನ ಹಾಕಿಸುವ ಮೊದಲು ಕಿರಾಣಿ ಅಂಗಡಿಯ ಬಾಕಿ ವಿಚಾರಿಸಿ ಬನ್ನಿ.